ಗ್ಯಾಲಕ್ಸಿಗಳ ವಿಲೀನ: ಆಟಿಯ ಮಳೆಯಲ್ಲಿ ಕೂತು ಬರೆದದ್ದು

ಉಡುಪಿಯವರಿಗೆ ವಿಲೀನದ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಹೋಗಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ. ಮೂರೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ಎರಡಂತೂ ಉಡುಪಿಯಲ್ಲೇ ಹುಟ್ಟಿದ್ದು, ಒಂದು 1906ರಲ್ಲಿ, ಇನ್ನೊಂದು 1925ರಲ್ಲಿ. ಆ ಮೂರರಲ್ಲಿ ಒಂದರ ಕ್ಯಾಶ್ ಕೌಂಟರಿನಲ್ಲಿ ನಾನು ಕೆಲಸ ಶುರು ಮಾಡಿದವಳು. ಯಾವುದು ಅಂತ ಕೇಳಬೇಡಿ, ಇನ್ನೂ ಸರ್ವಿಸ್ ಉಂಟು.

ಬೋರ್ಡ್ ಬದಲಾಯಿತು, ಪಾಸ್‌ಬುಕ್ಕಿನ ಬಣ್ಣ ಬದಲಾಯಿತು, ಐಎಫ್‌ಎಸ್‌ಸಿ ಕೋಡ್ ಬದಲಾಯಿತು. ಹೊರಗೆ ನಿಂತು ನೋಡಿದವರಿಗೆ ಈಗ ಎಲ್ಲ ಒಂದೇ. ಆದರೆ ಕೌಂಟರಿನ ಈಚೆ ಬದಿ ಕೂತು ನೋಡಿ. ಒಬ್ಬರು ಓಚರಿನ ಎಡಮೂಲೆ ಮಡಚುತ್ತಾರೆ, ಪಕ್ಕದವರು ಬಲಮೂಲೆಗೆ ಪಿನ್ ಹೊಡೆಯುತ್ತಾರೆ. ಸಂಜೆ ಕ್ಯಾಶ್ ಟ್ಯಾಲಿ ಮಾಡುವಾಗ ಒಬ್ಬರು ದೊಡ್ಡ ನೋಟಿನಿಂದ ಶುರು, ಇನ್ನೊಬ್ಬರು ಚಿಲ್ಲರೆಯಿಂದ. ಕೈ ಆಡುವ ರೀತಿ ನೋಡಿದರೆ ಸಾಕು, ಇವರು ಮೊದಲು ಯಾವ ಬ್ಯಾಂಕಿನವರು ಅಂತ ನಾನು ಹೇಳಬಲ್ಲೆ.

ಗ್ಯಾಲಕ್ಸಿಗಳದ್ದೂ, ಅಂದರೆ ಗುರುತ್ವದಿಂದ ಒಟ್ಟಿಗಿರುವ ಕೋಟಿಗಟ್ಟಲೆ ನಕ್ಷತ್ರಗಳ ಗುಂಪುಗಳದ್ದೂ, ಇದೇ ಕಥೆ. ಎರಡು ಗ್ಯಾಲಕ್ಸಿಗಳು ಸೇರಿ ಒಂದೆರಡು ನೂರು ಕೋಟಿ ವರ್ಷ ಕಳೆದರೆ ಫೋಟೋದಲ್ಲಿ ಹೆಚ್ಚೇನೂ ಕಾಣುವುದಿಲ್ಲ. ನಯವಾದ ಬೆಳಕಿನ ಉಂಡೆ, ಅಷ್ಟೇ. ಒಳಗಿನ ನಕ್ಷತ್ರಗಳು ಯಾವ ಕಡೆಗೆ, ಎಷ್ಟು ವೇಗದಲ್ಲಿ ಓಡುತ್ತಿವೆ ಅಂತ ಅಳೆದಾಗ ಮಾತ್ರ ಯಾರು ಎಲ್ಲಿಂದ ಬಂದವರು ಅಂತ ಹೊರಗೆ ಬರುತ್ತದೆ. ಬ್ಯಾಂಕಿನ ವಿಷಯ ಇಲ್ಲಿಗೆ ಸಾಕು, ಇನ್ನು ಆಕಾಶಕ್ಕೆ ಹೋಗೋಣ.

ಹೋಗೋಣ ಅಂದರೂ ಈಗ ಹೋಗುವ ಹಾಗಿಲ್ಲ. ಇದು ಆಟಿ, ನಮ್ಮ ತುಳುನಾಡಿನ ಜೋರು ಮಳೆಯ ತಿಂಗಳು. ಯಾಂತ್ರಿಕ ಬೋಟುಗಳಿಗೆ ರಜೆ, ಎಲ್ಲವೂ ಮಲ್ಪೆ ದಕ್ಕೆಯಲ್ಲಿ ಕಟ್ಟಿಕೊಂಡಿವೆ. ಬೇರೆ ಸಮಯದಲ್ಲಿ ಪಶ್ಚಿಮದ ಅಂಚಿನಲ್ಲಿ ಬೋಟುಗಳ ದೀಪದ ಸಾಲು ಇರುತ್ತದೆ, ಮುಳುಗುವ ನಕ್ಷತ್ರ ಕಾಣುವುದಿಲ್ಲ. ಈಗ ಕಡಲು ಪೂರ್ತಿ ಕತ್ತಲೆ, ಆದರೆ ಮೇಲೆ ಮೋಡ! ನನ್ನ ಎಂಟಿಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದುಕೊಂಡಿದೆ. ಐಪೀಸ್‌ಗಳು ಕಪಾಟಿನಲ್ಲಿವೆ. ಫಂಗಸ್ ಹಿಡಿಯಬಾರದು ಅಂತ ಅಲ್ಲೊಂದು 40 ವ್ಯಾಟಿನ ಹಳೇ ಬಲ್ಬ್ ಹಗಲೂ ರಾತ್ರಿ ಉರಿಯುತ್ತದೆ. ಕರೆಂಟ್ ಹೋದರೆ ಸಿಲಿಕಾ ಜೆಲ್ ಪೊಟ್ಟಣಗಳೇ ಗತಿ. ಮಳೆಗಾಲ ಅಂದರೆ ನಮ್ಮಂಥವರಿಗೆ ಓದುವ ಕಾಲ.

ಆ ಬಲ್ಬ್ ನೋಡಿದಾಗೆಲ್ಲ ನನಗೆ ಖಗೋಳ ವಿಜ್ಞಾನಿ ಎರಿಕ್ ಹೋಮ್‌ಬರ್ಗ್ ನೆನಪಾಗುತ್ತಾರೆ. ಸ್ವೀಡನ್‌ನ ಲುಂಡ್‌ನಲ್ಲಿದ್ದವರು. ಎರಡು ಗ್ಯಾಲಕ್ಸಿಗಳು ತೀರಾ ಹತ್ತಿರ ಹಾದುಹೋದರೆ ಏನಾಗುತ್ತದೆ ಅಂತ 1941ರಲ್ಲಿ ಲೆಕ್ಕ ಹಾಕಲು ಹೊರಟರು. ಕಂಪ್ಯೂಟರ್ ಇಲ್ಲದ ಕಾಲ. ಒಂದೊಂದು ನಕ್ಷತ್ರದ ಮೇಲೆ ಉಳಿದೆಲ್ಲ ನಕ್ಷತ್ರಗಳ ಸೆಳೆತ ಕೂಡಿಸುತ್ತಾ ಕಾಗದದಲ್ಲಿ ಬರೆದರೆ ಆಯುಷ್ಯ ಸಾಲದು. ಅವರು ಹಿಡಿದ ದಾರಿ ನೋಡಿ. ದೂರ ಎರಡು ಪಟ್ಟಾದರೆ ಗುರುತ್ವ ಕಾಲು ಭಾಗಕ್ಕೆ ಇಳಿಯುತ್ತದೆ. ಬೆಳಕೂ ಕಾಲು ಭಾಗಕ್ಕೇ ಇಳಿಯುತ್ತದೆ. ಹಾಗಾದರೆ ನಕ್ಷತ್ರದ ಬದಲು ಬಲ್ಬ್ ಇಟ್ಟರಾಯಿತು, ಅಲ್ವಾ? ಒಂದು ಗ್ಯಾಲಕ್ಸಿಗೆ 37ರ ಹಾಗೆ ಒಟ್ಟು 74 ಬಲ್ಬ್ ಜೋಡಿಸಿದರು. ಒಂದು ಬಲ್ಬಿನ ಜಾಗದಲ್ಲಿ ಫೋಟೋಸೆಲ್ ಇಟ್ಟು, ಯಾವ ಕಡೆಯಿಂದ ಎಷ್ಟು ಬೆಳಕು ಬರುತ್ತದೆ ಅಂತ ಅಳೆದರು. ಆ ಕಡೆಗೆ ಅಷ್ಟು ಸೆಳೆತ. ಅದಕ್ಕೆ ತಕ್ಕಂತೆ ಬಲ್ಬನ್ನು ಸ್ವಲ್ಪ ಸರಿಸಿದರು. ಆಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಹೀಗೆ ಬಲ್ಬ್ ಸರಿಸುತ್ತಾ ಸರಿಸುತ್ತಾ ಗ್ಯಾಲಕ್ಸಿಗಳು ಹತ್ತಿರ ಬಂದಾಗ ತೋಳು ಚಾಚುತ್ತವೆ, ಓಟದ ಶಕ್ತಿ ಕಳೆದುಕೊಂಡು ಒಂದನ್ನೊಂದು ಹಿಡಿದುಕೊಳ್ಳಲೂಬಹುದು ಅಂತ ಕಂಡುಕೊಂಡರು. ಇವತ್ತು ಸೂಪರ್ ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಕಣ ಹಾಕಿ ಮಾಡುವ ಕೆಲಸದ ಮೂಲ ಇದು. ನನಗಂತೂ ಸೂಪರ್ ಕಂಪ್ಯೂಟರಿಗಿಂತ ಈ ಬಲ್ಬ್‌ಗಳ ಮೇಲೇ ಪ್ರೀತಿ ಜಾಸ್ತಿ.

ಈಗ ಡಿಕ್ಕಿಯ ಒಳಗೆ ಏನಾಗುತ್ತದೆ ನೋಡೋಣ. ನಕ್ಷತ್ರಕ್ಕೆ ನಕ್ಷತ್ರ ತಾಗುವುದು ಇಲ್ಲವೇ ಇಲ್ಲ ಅಂದರೂ ನಡೆಯುತ್ತದೆ. ಸೂರ್ಯನಿಂದ ಹತ್ತಿರದ ನಕ್ಷತ್ರಕ್ಕೆ 4.2 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಓಡುವ ದೂರ ಒಂದು ಜ್ಯೋತಿರ್ವರ್ಷ). ಆ ನಡುವಿನ ಜಾಗದಲ್ಲಿ ಸೂರ್ಯನಷ್ಟೇ ದೊಡ್ಡ ಗೋಲಗಳನ್ನು ಸಾಲಾಗಿ ಇಡುತ್ತಾ ಹೋದರೆ ಹೆಚ್ಚು ಕಡಿಮೆ 3 ಕೋಟಿ ಹಿಡಿಯುತ್ತವೆ. ಇಷ್ಟು ಖಾಲಿ ಜಾಗ ಇರುವಾಗ ತಾಗುವುದೆಲ್ಲಿಂದ? ಒಂದು ಗ್ಯಾಲಕ್ಸಿಯ ನಕ್ಷತ್ರಗಳು ಇನ್ನೊಂದರ ನಕ್ಷತ್ರಗಳ ನಡುವೆ ಹಾದು ಆಚೆ ಹೋಗುತ್ತವೆ. ಆಕಾರ ಕೆಡಿಸುವುದು ಗುರುತ್ವ.

ಅದೂ ನಮಗೆ ಗುರುತಿರುವ ಗುರುತ್ವವೇ. ಮಲ್ಪೆಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದಲ್ಲ. ಚಂದ್ರ ತನ್ನ ಕಡೆಗಿರುವ ನೀರನ್ನು ಜಾಸ್ತಿ ಸೆಳೆಯುತ್ತಾನೆ, ನಡುವಿನ ಭೂಮಿಯನ್ನು ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರನ್ನು ಇನ್ನೂ ಕಡಿಮೆ. ಹಾಗಾಗಿ ಎರಡೂ ಬದಿ ಉಬ್ಬುತ್ತದೆ. ಗ್ಯಾಲಕ್ಸಿಗಳು ಹತ್ತಿರ ಬಂದಾಗಲೂ ಕೆಲಸ ಮಾಡುವುದು ಇದೇ ಬಲ. ಅಲ್ಲಿ ಉಬ್ಬುವುದು ನಕ್ಷತ್ರಗಳ ತಟ್ಟೆ. ತಟ್ಟೆ ತಿರುಗುತ್ತಾ ಇರುವುದರಿಂದ ಉಬ್ಬು ಉಬ್ಬಾಗಿಯೇ ಉಳಿಯುವುದಿಲ್ಲ. ಈಚೆ ಬದಿಯದ್ದು ಎದುರಿನ ಗ್ಯಾಲಕ್ಸಿಯತ್ತ ಸೇತುವೆಯಾಗಿ ಚಾಚುತ್ತದೆ. ಆಚೆ ಬದಿಯದ್ದು ಉದ್ದ ಬಾಲವಾಗಿ ಎಳೆಯಲ್ಪಡುತ್ತದೆ.

ಇಂಥ ವಿಚಿತ್ರ ಆಕಾರಗಳ ಫೋಟೋಗಳನ್ನೆಲ್ಲ ಅಮೆರಿಕದ ಖಗೋಳ ವಿಜ್ಞಾನಿ ಹಾಲ್ಟನ್ ಆರ್ಪ್ 1966ರಲ್ಲಿ ಒಂದು ಅಟ್ಲಾಸ್ ಮಾಡಿ ಪ್ರಕಟಿಸಿದರು. ಒಟ್ಟು 338 ನಮೂನೆ. ಆಗ ಬಹಳ ಜನ ಈ ಬಾಲಗಳಿಗೆ ಗುರುತ್ವ ಒಂದೇ ಸಾಕು ಅಂತ ನಂಬಲಿಲ್ಲ. ಅಷ್ಟು ಸಪೂರ, ಅಷ್ಟು ಉದ್ದದ ಬಾಲ ಸುಮ್ನೆ ಎಳೆತದಿಂದ ಬರಲು ಸಾಧ್ಯವೇ? ಎಸ್ಟೋನಿಯಾ ಮೂಲದ ಅಣ್ಣತಮ್ಮಂದಿರು ಅಲರ್ ಟೂಮ್ರೆ, ಯೂರಿ ಟೂಮ್ರೆ 1972ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಆಗಿನ ಕಂಪ್ಯೂಟರಿನಲ್ಲಿ, ಇವತ್ತಿನ ಲೆಕ್ಕದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಕಣ ಇಟ್ಟುಕೊಂಡು, ಆಂಟೆನಾ ಅನ್ನುವ ಗ್ಯಾಲಕ್ಸಿ ಜೋಡಿಯ ಎರಡು ಬಾಲ, ಮೈಸ್ ಅನ್ನುವ ಜೋಡಿಯ ಬಾಲ, ಎಂ51 ಅನ್ನುವ ಸುರುಳಿ ಗ್ಯಾಲಕ್ಸಿಯ ಸೇತುವೆ ಎಲ್ಲವನ್ನೂ ತೋರಿಸಿಬಿಟ್ಟರು.

ಅವರ ಕೆಲಸದಲ್ಲಿ ನನಗೆ ತುಂಬ ಹಿಡಿಸಿದ್ದು ದಿಕ್ಕಿನ ವಿಷಯ. ತಟ್ಟೆ ತಿರುಗುವ ದಿಕ್ಕಿಗೇ ಎದುರಿನ ಗ್ಯಾಲಕ್ಸಿಯೂ ಹಾದುಹೋದರೆ, ಅಂಚಿನ ನಕ್ಷತ್ರಗಳು ಅದರ ಜೊತೆಜೊತೆಗೇ ಒಂದಷ್ಟು ಹೊತ್ತು ಓಡುತ್ತವೆ. ಎಳೆಯಲು ಬೇಕಾದಷ್ಟು ಸಮಯ ಸಿಗುತ್ತದೆ, ಬಾಲ ಉದ್ದ ಬರುತ್ತದೆ. ವಿರುದ್ಧ ದಿಕ್ಕಿಗೆ ಹಾದುಹೋದರೆ ಎಳೆತ ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ, ತಟ್ಟೆ ಹೆಚ್ಚೇನೂ ಕೆಡುವುದಿಲ್ಲ. ಅಂದರೆ ಅದೇ ತೂಕ, ಅದೇ ದೂರ, ಆದರೂ ತಿರುಗುವ ದಿಕ್ಕು ಬೇರೆಯಾದರೆ ಗ್ಯಾಲಕ್ಸಿಯ ಹಣೆಬರಹವೇ ಬೇರೆ.

ಎಂ51 ನಮ್ಮ ಊರಿಂದಲೂ ಕಾಣುತ್ತದೆ. ಏಪ್ರಿಲ್-ಮೇಯಲ್ಲಿ ಸಪ್ತರ್ಷಿ ಮಂಡಲದ ಬಾಲದ ತುದಿಯ ನಕ್ಷತ್ರದ ಹತ್ತಿರ ಹುಡುಕಬೇಕು. ಅದರಲ್ಲಿ ಸುರುಳಿ ತೋಳು ಇದೆ ಅಂತ 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ ತಮ್ಮ ದೈತ್ಯ ಟೆಲಿಸ್ಕೋಪಿನಲ್ಲಿ ಕಂಡರು. ನನ್ನ ಎಂಟಿಂಚಿನಲ್ಲಿ, ಕರಾವಳಿಯ ಈ ಹಬೆ ತುಂಬಿದ ಗಾಳಿಯಲ್ಲಿ, ಎರಡು ಮಸುಕು ಚುಕ್ಕೆ ಕಂಡರೆ ಅದೇ ದೊಡ್ಡದು. ತೋಳು ಕಂಡಿದೆ ಅಂತ ಹೇಳುವವರು ನಮ್ಮ ಕಡೆ ಒಬ್ಬರಿದ್ದಾರೆ. ಇರಲಿ ಬಿಡಿ.

ಒಂದು ಪ್ರಶ್ನೆ ಬಾಕಿ ಉಂಟು. ನಕ್ಷತ್ರಗಳು ತಾಗುವುದೇ ಇಲ್ಲ ಅಂದ ಮೇಲೆ ಗ್ಯಾಲಕ್ಸಿಗಳು ಒಂದರೊಳಗೆ ಒಂದು ಹಾದು ಆಚೆ ಹೋಗಿಬಿಡಬೇಕಿತ್ತಲ್ಲ? ನಿಂತು ಒಂದಾಗುವುದು ಯಾಕೆ? ಇದರ ಉತ್ತರ ನಮ್ಮ ಖಭೌತ ವಿಜ್ಞಾನಿ ಎಸ್. ಚಂದ್ರಶೇಖರ್ ಅವರದ್ದು. ನಕ್ಷತ್ರಗಳ ಗುಂಪಿನೊಳಗೆ ಒಂದು ನಕ್ಷತ್ರ ಓಡುವಾಗ ಏನಾಗುತ್ತದೆ ಅಂತ ಅವರು 1943ರಲ್ಲಿ ಲೆಕ್ಕ ಹಾಕಿದ್ದರು. ಓಡುವ ವಸ್ತು ಸುತ್ತಲಿನವರನ್ನು ತನ್ನತ್ತ ಸೆಳೆಯುತ್ತದೆ. ಅವು ಹತ್ತಿರ ಬರುವ ಹೊತ್ತಿಗೆ ಇದು ಮುಂದೆ ಹೋಗಿರುತ್ತದೆ. ಹಾಗಾಗಿ ಇದರ ಬೆನ್ನ ಹಿಂದೆ ಒಂದು ದಟ್ಟಣೆ ಸೇರುತ್ತದೆ, ಆ ದಟ್ಟಣೆ ಇದನ್ನು ಹಿಂದಕ್ಕೆ ಎಳೆಯುತ್ತದೆ. ಮುಟ್ಟದೆಯೇ ಬ್ರೇಕ್ ಬೀಳುತ್ತದೆ. ಗ್ಯಾಲಕ್ಸಿಗಳಿಗೂ ಇದೇ ಲೆಕ್ಕ. ಸುತ್ತ ಡಾರ್ಕ್ ಮ್ಯಾಟರ್ (ಬೆಳಕು ಬೀರದ, ಆದರೆ ಸೆಳೆತ ಇರುವ ವಸ್ತು) ದಂಡಿಯಾಗಿ ಇರುವುದರಿಂದ ಬ್ರೇಕ್ ಇನ್ನೂ ಜೋರು. ಮೊದಲ ಸಲ ಹಾದುಹೋಗುತ್ತವೆ, ವೇಗ ಸಾಲದೆ ತಿರುಗಿ ಬೀಳುತ್ತವೆ, ಮತ್ತೆ ಹಾದುಹೋಗುತ್ತವೆ. ಕೊನೆಗೆ ಬಿಟ್ಟು ಹೋಗಲು ಆಗುವುದಿಲ್ಲ.

ಕಳೆದುಕೊಂಡ ಆ ಓಟದ ಶಕ್ತಿ ಎಲ್ಲಿಗೆ ಹೋಯಿತು? ಒಳಗಿನ ನಕ್ಷತ್ರಗಳಿಗೆ, ಡಾರ್ಕ್ ಮ್ಯಾಟರಿಗೆ. ಮೊದಲು ಎಲ್ಲ ನಕ್ಷತ್ರಗಳೂ ಶಿಸ್ತಾಗಿ ಒಂದೇ ದಿಕ್ಕಿಗೆ ಸುತ್ತುತ್ತಿದ್ದವು. ಈಗ ಒಂದು ಹೀಗೆ, ಒಂದು ಹಾಗೆ, ಒಂದು ನೇರ ನಡುವಿಗೆ ಬಿದ್ದು ಆಚೆ ಏಳುತ್ತದೆ. ಡಿಕ್ಕಿ ನಡೆಯುವಾಗ ಗುರುತ್ವವೇ ಕ್ಷಣಕ್ಕೊಂದು ಥರ ಬದಲಾಗುತ್ತಿರುತ್ತದೆ (ಕ್ಷಣ ಅಂದರೆ ಇಲ್ಲಿ ಕೋಟಿಗಟ್ಟಲೆ ವರ್ಷ). ಹಾಗಾಗಿ ಪ್ರತಿ ನಕ್ಷತ್ರದ ಶಕ್ತಿಯೂ ಏರುಪೇರಾಗುತ್ತದೆ. ಡೊನಾಲ್ಡ್ ಲಿಂಡನ್-ಬೆಲ್ 1967ರಲ್ಲಿ ಇದರ ಸಿದ್ಧಾಂತ ಬರೆದರು. ಎರಡು ಸಮಾನ ತೂಕದ ತಟ್ಟೆಗಳು ಹೀಗೆ ಕಲಸಿಹೋದಾಗ ಉಳಿಯುವುದು ಅಂಡಾಕಾರದ, ತೋಳಿಲ್ಲದ, ನಯವಾದ ಗ್ಯಾಲಕ್ಸಿ.

ಈ ಅಂಡಾಕಾರದ ಗ್ಯಾಲಕ್ಸಿಗಳ ಬಗ್ಗೆ ಹಿಂದೆ ಎಲ್ಲರೂ ಒಂದು ಅಂದಾಜು ಇಟ್ಟುಕೊಂಡಿದ್ದರು: ಚಪ್ಪಟೆಯಾಗಿದೆ ಅಂದರೆ ಜೋರಾಗಿ ತಿರುಗುತ್ತಿರಬೇಕು. 1975ರಲ್ಲಿ ಇಟಲಿಯ ಬೆರ್ತೋಲಾ ಮತ್ತು ಕಪಾಚಿಯೋಲಿ ಎನ್‌ಜಿಸಿ 4697 ಅನ್ನುವ ಗ್ಯಾಲಕ್ಸಿಯ ತಿರುಗುವ ವೇಗ ಅಳೆದರು. ಅದರ ಚಪ್ಪಟೆತನಕ್ಕೆ ಬೇಕಾದಷ್ಟು ವೇಗ ಇರಲಿಲ್ಲ. ಆಮೇಲೆ ಅಳೆದ ದೊಡ್ಡ ದೊಡ್ಡ ಅಂಡಾಕಾರದ ಗ್ಯಾಲಕ್ಸಿಗಳಲ್ಲೂ ಇದೇ ಕಂಡಿತು. ಅವು ಚಪ್ಪಟೆಯಾಗಿರುವುದು ನಕ್ಷತ್ರಗಳು ಒಂದು ದಿಕ್ಕಿನಲ್ಲಿ ಹೆಚ್ಚು ವೇಗವಾಗಿ, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ವೇಗವಾಗಿ ಅಡ್ಡಾಡುವುದರಿಂದ. ನೋಡಿದ ಆಕಾರ ನಂಬಿ ಚಲನೆ ಊಹಿಸಿದವರಿಗೆಲ್ಲ ಇದು ಆಘಾತ.

ಆಮೇಲೆ ಗ್ಯಾಲಕ್ಸಿಯ ಒಂದೊಂದು ಜಾಗದ ವೇಗವನ್ನೂ ಒಟ್ಟಿಗೆ ಅಳೆಯುವ ಉಪಕರಣ ಬಂತು. ಅಟ್ಲಾಸ್ 3ಡಿ ಅನ್ನುವ ಯೋಜನೆಯಲ್ಲಿ ಹತ್ತಿರದ 260 ಅಂಡಾಕಾರದ ಮತ್ತು ಮಸೂರದ ಆಕಾರದ ಗ್ಯಾಲಕ್ಸಿಗಳನ್ನು ಹೀಗೆ ನೋಡಿದರು. 2011ರಲ್ಲಿ ಫಲಿತಾಂಶ ಬಂತು. 224 ಗ್ಯಾಲಕ್ಸಿಗಳು ಒಳಗಿಂದೊಳಗೆ ತಟ್ಟೆಯ ಹಾಗೆ ಚೆನ್ನಾಗಿ ತಿರುಗುತ್ತಿವೆ. ಬರೀ 36 ಮಾತ್ರ ತಿರುಗುವುದೇ ಇಲ್ಲ ಅನ್ನುವಷ್ಟು ನಿಧಾನ. ಫೋಟೋದಲ್ಲಿ ಇವೆರಡು ಜಾತಿ ಎಷ್ಟೋ ಸಲ ಒಂದೇ ಥರ ಕಾಣುತ್ತವೆ! ನಿಧಾನದವು ಹೆಚ್ಚಾಗಿ ಭಾರಿ ತೂಕದವು, ಮತ್ತೆ ಮತ್ತೆ ವಿಲೀನಗಳನ್ನು ಕಂಡವು ಅಂತ ತಿಳಿದವರ ಅಭಿಪ್ರಾಯ.

ಇನ್ನೊಂದು ನನ್ನ ಮೆಚ್ಚಿನದು, ಎನ್‌ಜಿಸಿ 4550. ಕನ್ಯಾ ರಾಶಿಯ ಕಡೆಗಿರುವ ದೊಡ್ಡ ಗ್ಯಾಲಕ್ಸಿ ಗುಂಪಿನ ಸದಸ್ಯ. ಫೋಟೋದಲ್ಲಿ ಅದಕ್ಕಿಂತ ಬೋಳು ಗ್ಯಾಲಕ್ಸಿ ಇನ್ನೊಂದಿಲ್ಲ, ಅಂಚಿನಿಂದ ಕಾಣುವ ಒಂದು ಸಪೂರ ಬೆಳಕಿನ ಗೆರೆ. ವೆರಾ ರೂಬಿನ್ ಮತ್ತು ಜೊತೆಯವರು 1992ರಲ್ಲಿ ಅದರ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ಆ ಬಣ್ಣಗಳ ನಡುವೆ ಗೆರೆಗಳಿರುತ್ತವೆ, ನಕ್ಷತ್ರ ನಮ್ಮತ್ತ ಬಂದರೆ ಅವು ಒಂದು ಕಡೆಗೆ, ದೂರ ಹೋದರೆ ಇನ್ನೊಂದು ಕಡೆಗೆ ಸರಿಯುತ್ತವೆ. ಒಂದೇ ಇರಬೇಕಾದ ಗೆರೆಗಳು ಎರಡೆರಡಾಗಿ ಕಂಡವು. ಒಂದು ನಮ್ಮ ಕಡೆಗೆ ಬರುವವರದ್ದು, ಇನ್ನೊಂದು ದೂರ ಹೋಗುವವರದ್ದು, ಅದೂ ತಟ್ಟೆಯ ಒಂದೇ ಬದಿಯಲ್ಲಿ! ಅಂದರೆ ಒಂದೇ ಜಾಗದಲ್ಲಿ ಎರಡು ತಟ್ಟೆ. ಹೆಚ್ಚು ಕಡಿಮೆ ಅರ್ಧ ನಕ್ಷತ್ರಗಳು ಬಲಕ್ಕೆ, ಅರ್ಧ ಎಡಕ್ಕೆ. ಮಧ್ಯದ ಜಾಗ ಅಷ್ಟು ಖಾಲಿ ಇರುವುದರಿಂದ ಯಾರಿಗೂ ಯಾರೂ ತಾಗುವುದಿಲ್ಲ. ಗ್ಯಾಲಕ್ಸಿ ತನ್ನಷ್ಟಕ್ಕೆ ಇದ್ದಿದ್ದರೆ ಹೀಗಾಗುವುದು ಕಷ್ಟ. ಹೊರಗಿಂದ ಎದುರು ದಿಕ್ಕಿಗೆ ತಿರುಗುವ ಅನಿಲ ಬಂದು ಬಿದ್ದು ಅದರಲ್ಲಿ ಹೊಸ ನಕ್ಷತ್ರಗಳು ಹುಟ್ಟಿರಬೇಕು, ಇಲ್ಲವೇ ಎದುರುಬದುರು ತಿರುಗುವ ಎರಡು ತಟ್ಟೆಗಳೇ ನಿಧಾನಕ್ಕೆ ಒಂದಾಗಿರಬೇಕು.

ಅನಿಲದ ಮಾತು ಬಂತಲ್ಲ, ಅದರ ಸ್ವಭಾವವೇ ಬೇರೆ. ನಕ್ಷತ್ರಗಳು ತಾಗುವುದಿಲ್ಲ, ಅನಿಲದ ಮೋಡಗಳು ತಾಗುತ್ತವೆ. ಗುದ್ದಿಕೊಂಡು, ಬಿಸಿಯಾಗಿ, ಆ ಶಾಖವನ್ನು ಹೊರಗೆ ಬಿಟ್ಟು, ತಿರುಗುವ ಬಲ ಕಳೆದುಕೊಂಡು ನಡುವಿಗೆ ಜಾರುತ್ತವೆ. ಅಲ್ಲಿ ರಾಶಿ ಬಿದ್ದು ಒಮ್ಮೆಲೇ ನಕ್ಷತ್ರಗಳು ಹುಟ್ಟತೊಡಗುತ್ತವೆ. ಆಂಟೆನಾ ಜೋಡಿಯಲ್ಲಿ ಹಬಲ್ ಟೆಲಿಸ್ಕೋಪ್ ಸಾವಿರಕ್ಕಿಂತ ಹೆಚ್ಚು ಎಳೇ ನಕ್ಷತ್ರಗುಚ್ಛಗಳನ್ನು ಕಂಡಿದೆ. ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರದ ಆರ್ಪ್ 220 ಅನ್ನುವ ಗ್ಯಾಲಕ್ಸಿಯಲ್ಲಿ ಧೂಳು ಎಷ್ಟು ದಟ್ಟ ಅಂದರೆ ಬೆಳಕಿನ ಬಹುಪಾಲು ಇನ್‌ಫ್ರಾರೆಡ್ ಆಗಿ ಮಾತ್ರ ಹೊರಗೆ ಬರುತ್ತದೆ. ಅನಿಲ ಇನ್ನೂ ಒಳಗೆ ಹೋದರೆ ನಡುವಿನ ಕಪ್ಪುಕುಳಿಗೆ ಊಟ. ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಎನ್‌ಜಿಸಿ 7733 ಮತ್ತು 7734 ಅನ್ನುವ ಜೋಡಿಯನ್ನು ಆಸ್ಟ್ರೋಸ್ಯಾಟ್ ಉಪಗ್ರಹದ ಅಲ್ಟ್ರಾವಯೊಲೆಟ್ ಟೆಲಿಸ್ಕೋಪಿನಲ್ಲಿ ನೋಡುತ್ತಿದ್ದಾಗ ತೋಳಿನ ಮೇಲೊಂದು ಹೊಳೆಯುವ ಚುಕ್ಕೆ ಕಂಡಿತು. ಅದು ಆ ಗ್ಯಾಲಕ್ಸಿಯ ಭಾಗವೇ ಅಲ್ಲ, ವೇಗ ಬೇರೆ. ಅದು ಮೂರನೇ ಗ್ಯಾಲಕ್ಸಿ! ಮೂರರಲ್ಲಿ ಒಂದೊಂದರ ನಡುಭಾಗದಲ್ಲೂ ಕಪ್ಪುಕುಳಿಗಳು ಉಣ್ಣುತ್ತಾ ಇವೆ ಅಂತ 2021ರಲ್ಲಿ ಪ್ರಕಟಿಸಿದರು. ಇಲ್ಲೂ ಗುಟ್ಟು ರಟ್ಟು ಮಾಡಿದ್ದು ವೇಗವೇ ನೋಡಿ.

ಅನಿಲ ಜಾಸ್ತಿ ಇದ್ದರೆ ಇನ್ನೊಂದು ಉಪಕಾರ ಉಂಟು. ದೊಡ್ಡ ವಿಲೀನ ಆದರೂ ಉಳಿದ ಅನಿಲ ಮತ್ತೆ ಚಪ್ಪಟೆಯಾಗಿ ಕೂತು ಹೊಸ ತಟ್ಟೆ ಕಟ್ಟಬಲ್ಲದು. ಸ್ಪ್ರಿಂಗೆಲ್ ಮತ್ತು ಹರ್ನ್‌ಕ್ವಿಸ್ಟ್ 2005ರಲ್ಲಿ ಕಂಪ್ಯೂಟರಿನಲ್ಲಿ ಇದನ್ನು ಮಾಡಿ ತೋರಿಸಿದರು. ಹಾಗಾಗಿ ಸುರುಳಿ ಗ್ಯಾಲಕ್ಸಿ ಕಂಡ ಕೂಡಲೇ ಇದಕ್ಕೆ ಏನೂ ಆಗಿಲ್ಲ ಅಂತ ಹೇಳುವ ಹಾಗಿಲ್ಲ. ಹಾಗಂತ ಎಲ್ಲದಕ್ಕೂ ವಿಲೀನವೇ ಕಾರಣ ಅನ್ನುವ ಇನ್ನೊಂದು ತುದಿಯೂ ನನಗೆ ಹಿಡಿಸುವುದಿಲ್ಲ. ತಟ್ಟೆಯ ನಡುವೆ ಪಟ್ಟಿ ಮೂಡುವುದು, ತೋಳು ಮೂಡುವುದು, ಹೊರಗಿಂದ ಸದ್ದಿಲ್ಲದೆ ಅನಿಲ ಇಳಿಯುವುದು, ಇವೆಲ್ಲ ಡಿಕ್ಕಿ ಇಲ್ಲದೆಯೂ ಗ್ಯಾಲಕ್ಸಿಯನ್ನು ಬದಲಾಯಿಸುತ್ತವೆ. ಡಿಕ್ಕಿಯ ಫೋಟೋ ಚೆಂದ, ಅದಕ್ಕೆ ಹೆಸರು ಜಾಸ್ತಿ.

ಇನ್ನು ನಮ್ಮ ಆಕಾಶಗಂಗೆ, ಅಂದರೆ ನಾವೇ ಇರುವ ಗ್ಯಾಲಕ್ಸಿ. ಯುರೋಪಿನ ಗಾಯಾ ಉಪಗ್ರಹ 2013ರ ಡಿಸೆಂಬರಿನಲ್ಲಿ ಹಾರಿತು, 2025ರ ಜನವರಿಯಲ್ಲಿ ನೋಡುವುದನ್ನು ನಿಲ್ಲಿಸಿತು. 2018ರ ಏಪ್ರಿಲ್‌ನಲ್ಲಿ ಅದರ ಎರಡನೇ ಕಂತಿನ ಮಾಹಿತಿ ಬಂತು. 130 ಕೋಟಿಗೂ ಹೆಚ್ಚು ನಕ್ಷತ್ರಗಳು ಎಷ್ಟು ದೂರ, ಆಕಾಶದಲ್ಲಿ ಯಾವ ಕಡೆಗೆ ಸರಿಯುತ್ತಿವೆ ಅಂತ. ಅದೇ ವರ್ಷ ಕೇಂಬ್ರಿಜ್‌ನ ವಸಿಲಿ ಬೆಲೊಕುರೊವ್ ಗುಂಪು, ನೆದರ್ಲೆಂಡ್ಸಿನ ಅಮೀನಾ ಹೆಲ್ಮಿ ಗುಂಪು, ಇಬ್ಬರೂ ಬೇರೆ ಬೇರೆಯಾಗಿ ಒಂದೇ ವಿಷಯ ಕಂಡರು. ನಮ್ಮ ಸುತ್ತಮುತ್ತ ಹಾದುಹೋಗುವ ಹಳೇ ನಕ್ಷತ್ರಗಳಲ್ಲಿ ಒಂದು ದೊಡ್ಡ ಗುಂಪು ತಟ್ಟೆಯ ಜೊತೆ ಸುತ್ತುವುದೇ ಇಲ್ಲ. ನೇರ ನಡುವಿಗೆ ಬಿದ್ದು, ಆಚೆ ದೂರ ಹೋಗಿ, ತಿರುಗಿ ಬೀಳುತ್ತವೆ. ಅವುಗಳ ರಾಸಾಯನಿಕ ಗುಣವೂ ಬೇರೆ. ಸುಮಾರು 1,000 ಕೋಟಿ ವರ್ಷಗಳ ಹಿಂದೆ ಆಕಾಶಗಂಗೆ ಇನ್ನೊಂದು ಗ್ಯಾಲಕ್ಸಿಯನ್ನು ನುಂಗಿತ್ತು, ಇವು ಅದರ ನಕ್ಷತ್ರಗಳು. ವೇಗದ ನಕ್ಷೆಯಲ್ಲಿ ಉದ್ದಕ್ಕೆ ಕಂಡದ್ದರಿಂದ ಒಬ್ಬರು ಸಾಸೇಜ್ ಅಂದರು, ಇನ್ನೊಬ್ಬರು ಗ್ರೀಕ್ ಪುರಾಣದ ಎನ್ಸೆಲಾಡಸ್ ಅಂದರು. ಆ ಗುದ್ದಿಗೆ ನಮ್ಮ ಆಗಿನ ತಟ್ಟೆಯೂ ಅಲುಗಿತು, ಅದರ ನಕ್ಷತ್ರಗಳು ಮೇಲೆ ಕೆಳಗೆ ಎದ್ದು ತಟ್ಟೆ ದಪ್ಪವಾಯಿತು. ಸಾವಿರ ಕೋಟಿ ವರ್ಷದಲ್ಲಿ ಆ ಗ್ಯಾಲಕ್ಸಿಯ ಆಕಾರ ಪೂರ್ತಿ ಅಳಿಸಿಹೋಗಿದೆ. ಓಟ ಮಾತ್ರ ಹಾಗೇ ಇದೆ.

ಒಮೇಗಾ ಸೆಂಟಾರಿ ನೋಡಿದ್ದೀರಾ? ಮೇ ತಿಂಗಳ ರಾತ್ರಿ ಕಡಲ ಬದಿಯಿಂದ ದಕ್ಷಿಣಕ್ಕೆ ನೋಡಿದರೆ ಬರಿಗಣ್ಣಿಗೇ ಒಂದು ಮಸುಕು ನಕ್ಷತ್ರದ ಹಾಗೆ ಕಾಣುತ್ತದೆ. ಅದು ಸುಮಾರು 1 ಕೋಟಿ ನಕ್ಷತ್ರಗಳ ಗುಚ್ಛ, 17 ಸಾವಿರ ಜ್ಯೋತಿರ್ವರ್ಷ ದೂರ. ಯುರೋಪಿನ ಬಹುಪಾಲು ಜನರಿಗೆ ಕಾಣದ್ದು ನಮಗೆ ಕೈಗೆಟಕುವ ಹಾಗೆ ಉಂಟು, ಈ ಒಂದು ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು. ಅದರಲ್ಲಿ ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ನಕ್ಷತ್ರಗಳಿವೆ, ಅದು ಸುತ್ತುವುದು ಆಕಾಶಗಂಗೆಯ ತಟ್ಟೆಗೆ ವಿರುದ್ಧ ದಿಕ್ಕಿನಲ್ಲಿ. ಹಾಗಾಗಿ ಅದು ನುಂಗಿಹೋದ ಯಾವುದೋ ಗ್ಯಾಲಕ್ಸಿಯ ನಡುಭಾಗ ಅಂತ ಬಹಳ ವಿಜ್ಞಾನಿಗಳ ಅಭಿಪ್ರಾಯ. ಅದರೊಳಗೆ ಕಡಿಮೆ ಅಂದರೂ 8,200 ಸೂರ್ಯರ ತೂಕದ ಕಪ್ಪುಕುಳಿ ಇರಬೇಕು ಅಂತ 2024ರಲ್ಲಿ ಹೇಳಿದ್ದೂ ಅಲ್ಲಿನ ಕೆಲವು ನಕ್ಷತ್ರಗಳ ವೇಗ ನೋಡಿಯೇ.

2025ರ ಜೂನ್‌ನಲ್ಲಿ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿ ಬಂತು: ದೇವಯಾನಿ (ಆಂಡ್ರೊಮಿಡಾ) ಗ್ಯಾಲಕ್ಸಿ ನಮಗೆ ಡಿಕ್ಕಿ ಹೊಡೆಯುವುದು ಕ್ಯಾನ್ಸಲ್. ಕ್ಯಾನ್ಸಲ್ ಏನೂ ಆಗಿಲ್ಲ ಮಾರಾಯ್ರೆ. ದೇವಯಾನಿ 25 ಲಕ್ಷ ಜ್ಯೋತಿರ್ವರ್ಷ ದೂರ, ಆಕಾಶಗಂಗೆಯ ಕಡೆಗೆ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ಅದು ನಮ್ಮತ್ತ ಬರುತ್ತಿದೆ ಅಂತ 1912ರಲ್ಲೇ ವೆಸ್ಟೊ ಸ್ಲೈಫರ್ ಅಳೆದಿದ್ದರು. ಅದು ಇನ್ನೊಂದು ಗ್ಯಾಲಕ್ಸಿ ಅಂತ ಆಗ ಗೊತ್ತೇ ಇರಲಿಲ್ಲ. ನೇರ ಬರುವ ವೇಗ ಅಳೆಯುವುದು ಸುಲಭ. ಅಡ್ಡಕ್ಕೆ ಎಷ್ಟು ಸರಿಯುತ್ತಿದೆ ಅನ್ನುವುದು ಕಷ್ಟ, ಹಾದುಹೋಗುತ್ತದೋ ಗುದ್ದುತ್ತದೋ ಅಂತ ತೀರ್ಮಾನ ಮಾಡುವುದು ಅದೇ. 2012ರಲ್ಲಿ ಹಬಲ್ ಅಳತೆ ನೋಡಿ ಸುಮಾರು 400 ಕೋಟಿ ವರ್ಷದಲ್ಲಿ ಡಿಕ್ಕಿ ಖಂಡಿತ ಅಂದಿದ್ದರು. 2025ರಲ್ಲಿ ಹೆಲ್ಸಿಂಕಿಯ ಟಿಲ್ ಸವಾಲಾ ಮತ್ತು ಜೊತೆಯವರು ಅಳತೆಯ ಅನುಮಾನಗಳನ್ನೆಲ್ಲ ಸೇರಿಸಿ ಒಂದು ಲಕ್ಷ ಸಲ ಲೆಕ್ಕ ಓಡಿಸಿದರು. ಮುಂದಿನ 1,000 ಕೋಟಿ ವರ್ಷದಲ್ಲಿ ವಿಲೀನ ಆಗುವ ಸಾಧ್ಯತೆ ಹೆಚ್ಚು ಕಡಿಮೆ ಅರ್ಧಕ್ಕರ್ಧ. ನಮ್ಮ ಜೊತೆಗಿರುವ ದೊಡ್ಡ ಮೆಗೆಲ್ಲಾನಿಕ್ ಮೋಡ ಅನ್ನುವ ಸಣ್ಣ ಗ್ಯಾಲಕ್ಸಿಯ ತೂಕವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಡಿಕ್ಕಿಯ ಸಾಧ್ಯತೆ ಇಳಿಯುತ್ತದೆ. ದೇವಯಾನಿಯ ಜೊತೆಗಿರುವ ಎಂ33 ಅನ್ನುವ ಗ್ಯಾಲಕ್ಸಿಯನ್ನು ಸೇರಿಸಿದರೆ ಏರುತ್ತದೆ. ಸಣ್ಣವರ ಎಳೆತವೂ ಲೆಕ್ಕಕ್ಕೆ ಬರುತ್ತದೆ ಅಂತ ಆಯಿತು.

ಆದರೆ ವಿಲೀನ ನೋಡಲು 400 ಕೋಟಿ ವರ್ಷ ಕಾಯುವುದು ಯಾಕೆ? ಈಗಲೇ ಒಂದು ನಡೆಯುತ್ತಿದೆ. 1994ರಲ್ಲಿ ಇಬಾಟಾ, ಗಿಲ್ಮೋರ್, ಅರ್ವಿನ್ ಮೂವರು ಧನು ರಾಶಿಯ ದಿಕ್ಕಿನಲ್ಲಿ, ನಮ್ಮ ಗ್ಯಾಲಕ್ಸಿಯ ನಡುಭಾಗದ ಆಚೆ ಅಡಗಿದ್ದ ಒಂದು ಕುಬ್ಜ ಗ್ಯಾಲಕ್ಸಿ ಪತ್ತೆ ಮಾಡಿದರು. ಫೋಟೋದಲ್ಲಿ ಅದು ಎದ್ದು ಕಾಣುವುದಿಲ್ಲ. ಒಂದಷ್ಟು ನಕ್ಷತ್ರಗಳ ವೇಗ ಮಾತ್ರ ಉಳಿದವರದ್ದಕ್ಕಿಂತ ಬೇರೆ ಇತ್ತು, ಅದರಿಂದ ಸಿಕ್ಕಿಬಿತ್ತು. ಆಕಾಶಗಂಗೆ ಅದನ್ನು ಹರಿದು ಹರಿದು ಉದ್ದ ಮಾಡಿದೆ, ಆ ನಕ್ಷತ್ರಗಳ ಹೊಳೆ ನಮ್ಮ ಗ್ಯಾಲಕ್ಸಿಯನ್ನು ಸುತ್ತುವರಿದಿದೆ. ಅದೂ ಸುಮ್ಮನೆ ಕೂತಿಲ್ಲ. 2018ರಲ್ಲಿ ಟೆರೆಸಾ ಅಂಟೋಜಾ ಮತ್ತು ಜೊತೆಯವರು ಸೂರ್ಯನ ಹತ್ತಿರದ 60 ಲಕ್ಷ ನಕ್ಷತ್ರಗಳು ತಟ್ಟೆಯಿಂದ ಎಷ್ಟು ಮೇಲೆ, ಎಷ್ಟು ಕೆಳಗೆ, ಯಾವ ವೇಗದಲ್ಲಿ ಅಂತ ನಕ್ಷೆ ಹಾಕಿದಾಗ ಒಂದು ಸುರುಳಿ ಮೂಡಿತು. 30 ರಿಂದ 90 ಕೋಟಿ ವರ್ಷಗಳ ಹಿಂದೆ ಯಾರೋ ನಮ್ಮ ತಟ್ಟೆಯನ್ನು ಅಲುಗಾಡಿಸಿದ್ದಾರೆ, ಅದು ಇನ್ನೂ ನಿಂತಿಲ್ಲ. ಮೊದಲ ಅನುಮಾನ ಈ ಧನು ಕುಬ್ಜದ ಮೇಲೆಯೇ. ಗಾಯಾದ ಮುಂದಿನ ಕಂತು 2026ರ ಡಿಸೆಂಬರಿಗೆ ಬರಬೇಕು, ಆಗ ಇನ್ನೂ ಗೊತ್ತಾದೀತು.

ಈ ಕುಬ್ಜ ಗ್ಯಾಲಕ್ಸಿಯ ನಡುಭಾಗದಲ್ಲಿ ಒಂದು ಗುಚ್ಛ ಉಂಟು, ಎಂ54. ಫ್ರಾನ್ಸಿನ ಮೆಸಿಯೆ 1778ರಲ್ಲೇ ಅದನ್ನು ಪಟ್ಟಿಗೆ ಸೇರಿಸಿದ್ದರು, ಅದು ನಮ್ಮ ಗ್ಯಾಲಕ್ಸಿಯದ್ದಲ್ಲ ಅಂತ ಗೊತ್ತಾಗಲು ಇನ್ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಧನು ರಾಶಿ ಇಡೀ ರಾತ್ರಿ ಕಾಣುವುದು ಜುಲೈಯಲ್ಲಿ, ಅಂದರೆ ಸರಿಯಾಗಿ ನಮ್ಮ ಮಳೆಗಾಲದಲ್ಲಿ. ಬಯಲುಸೀಮೆಯವರು ಇದನ್ನು ಓದಿ ನಗಬೇಡಿ. ಅಕ್ಟೋಬರಿನಲ್ಲಿ ಮಳೆ ಬಿಟ್ಟರೆ ಸಂಜೆ 7ಕ್ಕೆ ಅದು ದಕ್ಷಿಣದಿಂದ ಸ್ವಲ್ಪ ಪಶ್ಚಿಮಕ್ಕೆ ಇನ್ನೂ ಎತ್ತರದಲ್ಲೇ ಇರುತ್ತದೆ. ಟೀಪಾಟ್ ಅಂತ ಕರೆಯುವ ಎಂಟು ನಕ್ಷತ್ರಗಳ ಆಕಾರ ಹುಡುಕಿ. ಅದರ ತಳದಲ್ಲಿ ಎಡಗಡೆ ಇರುವುದು ಝೀಟಾ. ಅಲ್ಲಿಂದ ಪಶ್ಚಿಮಕ್ಕೆ ಒಂದೂವರೆ ಡಿಗ್ರಿ, ದಕ್ಷಿಣಕ್ಕೆ ಅರ್ಧ ಡಿಗ್ರಿ. ಮೊದಲು ಟೀಪಾಟಿನ ಮುಚ್ಚಳದ ಹತ್ತಿರದ ಎಂ22 ನೋಡಿ. ಅದು ನಮ್ಮದೇ, ಸುಮಾರು 10 ಸಾವಿರ ಜ್ಯೋತಿರ್ವರ್ಷ ದೂರ, ಎಂಟಿಂಚಿನಲ್ಲಿ ನಕ್ಷತ್ರಗಳು ಒಂದೊಂದಾಗಿ ಬಿಡಿಸಿ ಕಾಣುತ್ತವೆ. ಆಮೇಲೆ ಎಂ54. ಸುಮಾರು 87 ಸಾವಿರ ಜ್ಯೋತಿರ್ವರ್ಷ. ಎಷ್ಟು ಪವರ್ ಹಾಕಿದರೂ ದುಂಡಗಿನ ಮಸುಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಆದರೂ ನೋಡಬೇಕು. ಕಾಪುವಿನಲ್ಲಿ ಲೈಟ್‌ಹೌಸ್ ಬೆಳಕು ಕಣ್ಣಿಗೆ ಬೀಳುತ್ತದೆ, ಹಾಗಾಗಿ ನಾನು ಮಟ್ಟುವಿನ ಕಡಲ ಬದಿಗೆ ಹೋಗುತ್ತೇನೆ. ಬರುವವರಿದ್ದರೆ ಮೆಸೇಜ್ ಮಾಡಿ. ಟಾರ್ಚ್ ತಂದರೆ ಅದಕ್ಕೆ ಕೆಂಪು ಕಾಗದ ಕಟ್ಟಿಕೊಂಡು ಬನ್ನಿ, ಮೊಬೈಲ್ ಜೇಬಿನಲ್ಲೇ ಇರಲಿ.